ಅತ್ತಿಗೆಯ ಹದಿನೆಂಟನೇ ತಾರೀಖು

ನಮ್ಮ ಅತ್ತಿಗೆ ದರ್ಜಿ. ನಮ್ಮ ಬೀದಿಯಲ್ಲಿ ಅವರ ಕೈಯಲ್ಲಿ ಬಟ್ಟೆ ಹೊಲಿಸದವರು ಇಬ್ಬರೇ ಇಬ್ಬರು. ಒಬ್ಬ ಅವರ ಗಂಡ, ಅಂದರೆ ನನ್ನ ಅಣ್ಣ. ಇನ್ನೊಬ್ಬಳು ನಾನು. ಹೊಲಿಗೆಯ ಬಗ್ಗೆ ನಮ್ಮ ತಕರಾರಿಲ್ಲ. ಅವರು ಹೊಲಿದ ಕಾಲರ್ ಹತ್ತು ವರ್ಷವಾದರೂ ತಲೆ ಬಾಗಿಸುವುದಿಲ್ಲ. ತಕರಾರೆಲ್ಲ ತಾರೀಖಿನದು.

ಯಾರು ಬಟ್ಟೆ ತಂದರೂ ಅತ್ತಿಗೆ ಹೇಳುವುದು "ಗುರುವಾರ ಬನ್ನಿ" ಅಂತ. ಪ್ಯಾಂಟಿನ ಕಾಲು ಮಡಚುವುದಕ್ಕೂ ಗುರುವಾರ, ಮದುಮಗಳ ಗೌನಿಗೂ ಗುರುವಾರ. ಗುರುವಾರ ಹೋದರೆ ಬಟನ್ ಒಂದು ಬಾಕಿ ಅನ್ನುತ್ತಾರೆ. ಶುಕ್ರವಾರ ಇಸ್ತ್ರಿ ಬಾಕಿ. ಶನಿವಾರ ಸಂಜೆ ಬಟ್ಟೆ ಕೈಗೆ ಬರುತ್ತದೆ, ಅದೂ ಬಿಸಿಬಿಸಿಯಾಗಿ. ಇದು ಗೊತ್ತಾದ ಗಿರಾಕಿಗಳು ಸುಮ್ಮನಿರುತ್ತಾರೆಯೆ? ಮುಂದಿನ ತಿಂಗಳ ಮದುವೆಯನ್ನು ಎಳೆದು ತಂದು ಈ ತಿಂಗಳಿಗೆ ಇಡುತ್ತಾರೆ. ಅತ್ತಿಗೆ ಅದನ್ನೂ ಬಲ್ಲರು. ಬಾಯಲ್ಲಿ "ಅಯ್ಯೋ, ಅಷ್ಟು ಬೇಗನಾ!" ಅಂದು, ಮನಸ್ಸಿನಲ್ಲಿ ಎರಡು ವಾರ ಸೇರಿಸಿಕೊಳ್ಳುತ್ತಾರೆ. ಆ ಕಡೆಯವರೂ ರೈಲು ಬಿಡುತ್ತಾರೆ, ಈ ಕಡೆಯವರೂ ಬಿಡುತ್ತಾರೆ, ಕೊನೆಗೆ ಎಲ್ಲರ ಬಟ್ಟೆಯೂ ಸರಿಯಾದ ದಿನ ಸರಿಯಾದ ಮೈಮೇಲೆ ಇರುತ್ತದೆ. ಹೇಗೆ ಅಂತ ನನ್ನನ್ನು ಕೇಳಬೇಡಿ. ಬೀದಿಯವರು ಅವರಿಗೆ ಗುರುವಾರದಮ್ಮ ಅಂತ ಹೆಸರಿಟ್ಟಿದ್ದಾರೆ. ಅತ್ತಿಗೆಗೆ ಆ ಹೆಸರಿನ ಮೇಲೆ ಜಂಬವೂ ಇದೆ.

"ಬಟ್ಟೆಗೂ ತಾರೀಖಿಗೂ ಒಳಗಡೆ ಎರಡು ಬೆರಳು ಮಾರ್ಜಿನ್ ಬಿಡಬೇಕು ಕಣೇ ಪುಟ್ಟಿ. ಬಿಡದೇ ಇರೋನು ದರ್ಜಿನೇ ಅಲ್ಲ."

ನಾನು ಹಲ್ಲಿನ ಡಾಕ್ಟರ ಬಳಿ ಮುಂದಿನ ಮೇಜಿನಲ್ಲಿ ಕೂತು ಸಮಯ ಹಂಚುವವಳು. ನನ್ನ ಪುಸ್ತಕದಲ್ಲಿ ಹತ್ತೂವರೆ ಅಂದರೆ ಹತ್ತೂವರೆ. ಹತ್ತು ನಲವತ್ತಕ್ಕೆ ಕೆನ್ನೆ ಹಿಡಿದುಕೊಂಡು ಬಂದವರನ್ನು ನಾನು ಕರುಣೆಯಿಲ್ಲದೆ ಮನೆಗೆ ಕಳಿಸಿದ್ದೇನೆ, ಬೇಕಾದರೆ ಶಾಪ ಹಾಕಲಿ. ಹೀಗಾಗಿ ತಾರೀಖಿನ ವಿಷಯಕ್ಕೆ ಬಂದರೆ ನಾನೂ ಅತ್ತಿಗೆಯೂ ಎಣ್ಣೆ ಸೀಗೆಕಾಯಿ. ಮಿಕ್ಕಿದ್ದರಲ್ಲೆಲ್ಲ, ಆ ಹೆಂಗಸಿಗಾಗಿ ನಾನು ಪ್ರಾಣ ಕೊಡಬಲ್ಲೆ.

ಅತ್ತಿಗೆ ಹನ್ನೊಂದು ವರ್ಷ ಒಂದು ದೊಡ್ಡ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿದರು. ಕಿಟಕಿಯಿಲ್ಲದ ಕೋಣೆ, ಎಂಟು ಮಷಿನ್ನು. ಅಲ್ಲಿನ ಯಜಮಾನ ಹೊಲಿಯುವವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಮಷಿನ್ನಿನ ನಂಬರಿನಿಂದ ಕರೆಯುತ್ತಿದ್ದ. ಅತ್ತಿಗೆ ಮೂರನೇ ನಂಬರು. ಜೋರಾಗಿ ನಕ್ಕರೆ ದಂಡ. ನಮ್ಮ ಅತ್ತಿಗೆಯ ನಗು ಹೇಗಿರುತ್ತದೆಂದು ಕೇಳಿದವರಿಗೇ ಗೊತ್ತು: ಮೊದಲು ಭುಜ ಅಲ್ಲಾಡುತ್ತದೆ, ಆಮೇಲೆ ಕುರ್ಚಿ, ಆಮೇಲೆ ಪಕ್ಕದ ಮನೆಯವರು ಬಾಗಿಲು ತೆರೆದು ನೋಡುತ್ತಾರೆ. ದಂಡ ಕಟ್ಟಿ ಕಟ್ಟಿ ಸುಸ್ತಾಗಿ ಒಂದು ದಿನ ಕೆಲಸ ಬಿಟ್ಟು ಬಂದರು. ಕೀಲಿಕೈ ಮಾಡುವ ಬೀಗದ ಮಾಮನ ಅಂಗಡಿಯ ಪಕ್ಕದಲ್ಲಿ ಆರಡಿ ಅಗಲದ ಒಂದು ಮಳಿಗೆ ಹಿಡಿದರು. ಎರಡು ಮಷಿನ್ನು, ಬಟ್ಟೆಯ ಅಂಚು ಕಟ್ಟುವ ಒಂದು ಓವರ್‌ಲಾಕ್, ಇಸ್ತ್ರಿ ಮೇಜು, ಬಟ್ಟೆ ತೊಡಿಸಲು ಒಂದು ಗೊಂಬೆ, ಆಳೆತ್ತರದ ಕನ್ನಡಿ, ಎಲ್ಲವನ್ನೂ ಕ್ರೆಡಿಟ್ ಕಾರ್ಡು ಉಜ್ಜಿ ತಂದರು. ಕನ್ನಡಿ ನೇರ ನಿಲ್ಲುವಷ್ಟು ಜಾಗವಿಲ್ಲದೆ ಓರೆಯಾಗಿ ನಿಂತಿತು. ಅದರಲ್ಲಿ ಎಲ್ಲರೂ ಒಂದು ಸುತ್ತು ತೆಳ್ಳಗೆ ಕಾಣುತ್ತಿದ್ದರು. ಅರ್ಧ ವ್ಯಾಪಾರ ಆದದ್ದು ಆ ಕನ್ನಡಿಯಿಂದಲೇ ಅಂತ ನನ್ನ ಗುಮಾನಿ.

ವ್ಯಾಪಾರ ಆಯಿತು, ಸಾಲ ಮಾತ್ರ ಕದಲಲಿಲ್ಲ. ಕಾರ್ಡಿನ ಮೇಲೆ ಒಂದು ಲಕ್ಷ ನಲವತ್ತು ಸಾವಿರ. ಅತ್ತಿಗೆ ತಿಂಗಳಿಗೆ ಐದೂವರೆ ಸಾವಿರ ಕಟ್ಟುತ್ತಿದ್ದರು, ಅದರಲ್ಲಿ ನಾಲ್ಕು ಸಾವಿರದ ಒಂಬೈನೂರು ಬಡ್ಡಿಗೇ ಹೋಗುತ್ತಿತ್ತು. ಉಳಿದ ಆರುನೂರು ಮಾತ್ರ ಸಾಲಕ್ಕೆ. ಹೀಗೇ ಕಟ್ಟುತ್ತಾ ಹೋದರೆ ನನ್ನ ಹಲ್ಲೆಲ್ಲ ಉದುರಿ ಡಾಕ್ಟರು ಹೊಸ ಹಲ್ಲು ಕೂರಿಸಿದ ಮೇಲೆಯೂ ಸಾಲ ಉಳಿದಿರುತ್ತಿತ್ತು. ಆ ಯಜಮಾನನಿಗೆ ಇದು ಹೇಗೆ ಗೊತ್ತಾಯಿತೋ. "ಮೂರನೇ ಮಷಿನ್ ಖಾಲಿ ಇಟ್ಟಿದ್ದೀನಿ, ಯಾವಾಗ ಬರ್ತೀಯ?" ಅಂತ ಹೇಳಿ ಕಳಿಸಿದ. ವರ್ಷದೊಳಗೆ ಸಾಲ ಇಳಿಯದಿದ್ದರೆ ಮಷಿನ್ನು ಮಾರಿ, ಅಂಗಡಿ ಮುಚ್ಚಿ, ಆ ಕಿಟಕಿಯಿಲ್ಲದ ಕೋಣೆಗೆ ವಾಪಸ್ಸು ಹೋಗುವುದೇ ಗತಿ ಎಂದು ಅಣ್ಣನೂ ಅತ್ತಿಗೆಯೂ ಮಾತಾಡಿಕೊಂಡಿದ್ದರು. ಅಣ್ಣ ಹಾಸಿಗೆ ಅಂಗಡಿಯಲ್ಲಿ ಮಾರಾಟದವನು. ಅವನು ಎಂಥ ಸುದ್ದಿ ಹೇಳಿದರೂ ಕೇಳುವವರಿಗೆ ಆಕಳಿಕೆ ಬರುತ್ತದೆ. ಅವತ್ತು ಮಾತ್ರ ನನಗೆ ಬರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಬ್ಯಾಂಕಿನಿಂದ ಆ ಕಾಗದ ಬಂತು. ನಿಮ್ಮ ಹಳೆಯ ಕಾರ್ಡಿನ ಬಾಕಿಯನ್ನು ನಮ್ಮ ಹೊಸ ಕಾರ್ಡಿಗೆ ವರ್ಗಾಯಿಸಿ, ಹದಿನೈದು ತಿಂಗಳು ಬಡ್ಡಿ ಸೊನ್ನೆ!

ನಾನು ಊಟದ ಬಿಡುವಿನಲ್ಲಿ ಅಂಗಡಿಗೆ ಹೋದಾಗ ಅತ್ತಿಗೆ ಗೊಂಬೆಯ ಸೊಂಟಕ್ಕೆ ಕೈ ಹಾಕಿ ಆರಡಿ ಜಾಗದಲ್ಲಿ ಕುಣಿಯುತ್ತಿದ್ದರು.

"ಪುಟ್ಟೀ, ಸೊನ್ನೆ ಕಣೇ! ಸೊನ್ನೆ! ಸಾಲ ಹೋಯ್ತು!"

"ಸಾಲ ಎಲ್ಲಿ ಹೋಯ್ತು ಅತ್ತಿಗೆ? ಈ ಮನೆಯಿಂದ ಆ ಮನೆಗೆ ಹೋಗುತ್ತೆ ಅಷ್ಟೇ."

"ಹೋಗ್ಲಿ ಬಿಡು, ಬಾಡಿಗೆ ಇಲ್ಲದ ಮನೆಗೆ ತಾನೇ ಹೋಗ್ತಿರೋದು? ಒಂದು ಸೋಫಾ ತಗೊಳ್ಳೋಣ. ಗಿರಾಕಿಗಳು ಎಷ್ಟು ದಿನ ಅಂತ ನಿಂತಿರ್ತಾರೆ?"

ಕಾಗದದ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಏನೇನೋ ಇತ್ತು. ಬೀಗದ ಮಾಮ ಬೀಗದೊಳಗಿನ ಸ್ಪ್ರಿಂಗು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡೇ ಬಂದರು. ಅವರ ಕಣ್ಣಿನಿಂದ ಅದನ್ನು ಕಿತ್ತುಕೊಂಡು ನಾನು ಓದತೊಡಗಿದೆ. ವರ್ಗಾವಣೆಗೆ ನೂರಕ್ಕೆ ಮೂರರಂತೆ ಶುಲ್ಕ, ಅಂದರೆ ನಾಲ್ಕು ಸಾವಿರದ ಇನ್ನೂರು.

"ಸಾಲ ಹೊತ್ಕೊಂಡು ಹೋಗೋದಕ್ಕೂ ಕೂಲಿನಾ?" ಅಂದರು ಅತ್ತಿಗೆ.

"ಒಂದು ತಿಂಗಳ ಬಡ್ಡಿಗಿಂತ ಕಡಿಮೆ. ಕೊಡೋಣ. ಆದ್ರೆ ಕೇಳಿ, ಸೊನ್ನೆ ಇರೋದು ಈಗ ತಂದು ಹಾಕೋ ಹಳೇ ಬಾಕಿಗೆ ಮಾತ್ರ. ಈ ಕಾರ್ಡಲ್ಲಿ ಹೊಸದಾಗಿ ಒಂದು ಸೂಜಿ ಕೊಂಡ್ರೂ ಅದಕ್ಕೆ ಮೊದಲ ದಿನದಿಂದ ಬಡ್ಡಿ."

"ಸೋಫಾಗೆ?"

"ಸೋಫಾಗೆ ಸೂಜಿಗಿಂತ ಜಾಸ್ತಿ!"

ಬೀಗದ ಮಾಮ ಬಿದ್ದು ಬಿದ್ದು ನಕ್ಕರು. ಹದಿನೈದು ತಿಂಗಳೆಂಬುದನ್ನೂ ಬ್ಯಾಂಕಿನವರು ಬಾಕಿ ಬಂದು ಸೇರಿದ ದಿನದಿಂದ ಎಣಿಸುವುದಿಲ್ಲ, ಕಾರ್ಡು ಕೊಟ್ಟ ದಿನದಿಂದಲೇ ಎಣಿಸುತ್ತಾರೆ ಎಂದು ಅಲ್ಲೇ ಕೆಳಗೆ ಬರೆದಿತ್ತು. ಅದಕ್ಕೆ ನಾನು ಒಂದು ತಿಂಗಳು ಕಳೆದು, ಶುಲ್ಕವನ್ನೂ ಸೇರಿಸಿ ಹದಿನಾಲ್ಕರಿಂದ ಭಾಗಿಸಿದೆ. ತಿಂಗಳಿಗೆ ಹತ್ತು ಸಾವಿರದ ಮುನ್ನೂರು. ಅತ್ತಿಗೆಯ ಮುಖ ಸಣ್ಣಗಾಯಿತು. ಮೊದಲು ಕಟ್ಟುತ್ತಿದ್ದುದರ ಹೆಚ್ಚುಕಡಿಮೆ ಎರಡರಷ್ಟು! ಆದರೆ ಇದರಲ್ಲಿ ಪ್ರತಿ ಕಾಸೂ ಸಾಲವನ್ನೇ ಕಡಿಯುತ್ತದೆ ಅಂದಾಗ ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದು ನಿಂತರು.

"ನಿಮ್ಮ ಡಾಕ್ಟ್ರಿಗೆ ಬಿಳೀ ಕೋಟು ಎಷ್ಟು ಬೇಕಂತೆ ಕೇಳು. ಕಿಟಕಿ ಪರದೆನೂ ಕೇಳು. ಬಾಯಿ ತೆಗೆದು ಕೂತಿರೋ ರೋಗಿಗಳಿಗೆ ಕತ್ತಿಗೆ ಕಟ್ಟೋ ಬಟ್ಟೇನೂ ಕೇಳು."

ಎಲ್ಲಕ್ಕಿಂತ ಕೆಳಗಿನ ಸಾಲನ್ನು ನಾನು ಎರಡು ಸಲ ಓದಿ ಹೇಳಿದೆ. ಒಂದೇ ಒಂದು ತಿಂಗಳು ಕಂತಿನ ಕೊನೆ ದಿನ ತಪ್ಪಿದರೂ ಸೊನ್ನೆ ರದ್ದು. ಉಳಿದ ಸಾಲಕ್ಕೆಲ್ಲ ಮಾಮೂಲಿ ಬಡ್ಡಿ, ಮೇಲೆ ದಂಡ. ಅತ್ತಿಗೆ "ಹೂಂ ಹೂಂ" ಅಂದರು. ಗಿರಾಕಿ ತಾರೀಖು ಹೇಳಿದಾಗ ಅವರು ಅನ್ನುವ "ಹೂಂ ಹೂಂ" ಅದೇ.

ವರ್ಗಾವಣೆ ಆಗಲು ಎರಡೂವರೆ ವಾರ ಹಿಡಿಯಿತು. ನಡುವೆ ಹಳೆಯ ಕಾರ್ಡಿನ ಕಂತಿನ ದಿನ ಬಂತು. "ಅದು ಈಗ ಎರಡು ಬ್ಯಾಂಕಿನವರು ಅವರವರೇ ನೋಡ್ಕೊಳ್ಳೋ ವಿಷಯ" ಅಂತ ಅತ್ತಿಗೆ ಕಾಲು ಮೇಲೆ ಕಾಲು ಹಾಕಿಕೊಂಡು ಕೂತರು. ಹಳೆಯ ಬ್ಯಾಂಕು ಬಾಕಿಯಿಲ್ಲ ಎನ್ನುವವರೆಗೂ ಅದು ನಮ್ಮ ತಲೆಯ ಮೇಲೇ ಇರುತ್ತದೆಂದು ಅರಚಾಡಿ ಕಟ್ಟಿಸಿದೆ. ಆಮೇಲೆ ಹಳೆಯ ಕಾರ್ಡಿನ ಬಾಕಿ ಸೊನ್ನೆ ಅಂತ ಬಂದ ದಿನ ಗಂಡ ಹೆಂಡತಿ ಇಬ್ಬರೂ ಆ ಕಾರ್ಡನ್ನು ಮೇಜಿನ ಮೇಲಿಟ್ಟುಕೊಂಡು ನೋಡಿದ ನೋಟವಿದೆಯಲ್ಲ, ಅದರ ಮುಂದೆ ಹಾಲಿನ ಪಾತ್ರೆ ನೋಡುವ ಬೆಕ್ಕುಗಳೇ ಮರ್ಯಾದಸ್ಥರು.

"ಪೂರ್ತಿ ಖಾಲಿ ಇದೆಯಲ್ಲಾ," ಅಂದ ಅಣ್ಣ ಮೆಲ್ಲಗೆ. "ನಮ್ಮಲ್ಲಿ ಎಂಟಿಂಚಿನ ಹಾಸಿಗೆ ಸಿಬ್ಬಂದಿ ದರದಲ್ಲಿ..."

"ಅಣ್ಣಾ!"

ಅತ್ತಿಗೆಯ ಭುಜ ಅಲ್ಲಾಡತೊಡಗಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಕತ್ತರಿ ತೆಗೆದು ಗೊಂಬೆಯ ಹೊಟ್ಟೆ ಬಿಚ್ಚಿದರು. ಹಳೆಯ ಕಾರ್ಡು, ಹೊಸ ಕಾರ್ಡು ಎರಡನ್ನೂ ಹತ್ತಿಯ ನಡುವೆ ತುರುಕಿ ಎರಡೆಳೆ ದಾರದಲ್ಲಿ ಹೊಲಿದುಬಿಟ್ಟರು. "ಇನ್ನು ಕಾರ್ಡು ಬೇಕಂದ್ರೆ ಆಪರೇಷನ್ನೇ ಆಗಬೇಕು," ಅಂದರು.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ಹೊಸ ಕಾರ್ಡಿನ ಕಂತಿಗೆ ಕೊನೆಯ ದಿನ ಪ್ರತಿ ತಿಂಗಳ ಹದಿನೆಂಟು. ಖಾತೆಯಿಂದ ತಾನಾಗಿ ಹೋಗುವ ಹಾಗೆ ಮಾಡಿ ಅಂದರೆ ಅತ್ತಿಗೆ ಒಪ್ಪಲಿಲ್ಲ. ಹೊಲಿಗೆಯ ದುಡ್ಡು ಇವತ್ತು ಬಂದರೆ ನಾಳೆ ಇಲ್ಲ, ಖಾತೆಯಲ್ಲಿ ಇರುವ ಖಾತ್ರಿಯಿಲ್ಲ ಎಂದರು. ಹಾಗಾದರೆ ಇವರಿಗೆ ಇವರದೇ ಮದ್ದು ಅಂದುಕೊಂಡು ನಾನು ಏನು ಮಾಡಿದೆ ಗೊತ್ತೆ? ಕೊನೆಯ ದಿನ ಹದಿನಾಲ್ಕು ಅಂತ ಹೇಳಿಬಿಟ್ಟೆ. ಬ್ಯಾಂಕಿನ ಪಟ್ಟಿ ಬರುತ್ತಿದ್ದುದು ನನ್ನ ಫೋನಿಗೆ. ಅವರ ಫೋನಿನಲ್ಲಿ ಗಿರಾಕಿಗಳ ತೋಳಿನ ಫೋಟೋ ತುಂಬಿ ಒಂದು ಸಾಲು ಇಳಿಯಲೂ ಜಾಗವಿರಲಿಲ್ಲ.

ಉಪಾಯ ಹೇಗೆ ಫಲಿಸಿತು ಅಂತೀರಿ! ತಾರೀಖು ಅಂದಮೇಲೆ ಅದರಲ್ಲಿ ಸುಳ್ಳು ಇದ್ದೇ ಇರಬೇಕೆಂದು ನಂಬಿದ ಅತ್ತಿಗೆ ಹದಿನಾಲ್ಕಕ್ಕೆ ಮೂರು ದಿನ ಸೇರಿಸಿ ಪ್ರತಿ ತಿಂಗಳೂ ಹದಿನೇಳಕ್ಕೆ ಹೋಗಿ ಕಟ್ಟುತ್ತಿದ್ದರು. ನಾನು ಫೋನಿನಲ್ಲಿ "ಮೂರು ದಿನ ತಡ! ಏನತ್ತಿಗೆ ಇದು!" ಅಂತ ಕೂಗಾಡಿ, ಫೋನಿಟ್ಟು, ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ಎಂಟು ತಿಂಗಳು ಹೀಗೇ ನಡೆಯಿತು. ಸಾಲ ಅರವತ್ತೊಂದು ಸಾವಿರದ ಎಂಟುನೂರಕ್ಕೆ ಇಳಿಯಿತು. ನಾನು ಆಕಾಶದಲ್ಲಿ ಹಾರಾಡುತ್ತಿದ್ದೆ. ಮನುಷ್ಯರು ಇಷ್ಟು ಬುದ್ಧಿವಂತರಾಗಿರಬಾರದು.

ಒಂಬತ್ತನೇ ತಿಂಗಳು ಹದಿನೆಂಟರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಆ ವಾರ ನಮ್ಮ ಹಲ್ಲಿನ ಆಸ್ಪತ್ರೆಗೆ ಹೊಸ ಎಕ್ಸ್‌ರೇ ಯಂತ್ರ ಬಂದು ನನ್ನ ತಲೆ ಗಿರ್ರೆನ್ನುತ್ತಿತ್ತು. ಯಾರೋ ರೋಗಿ ಫೋನಿನಲ್ಲಿ "ಹದಿನೆಂಟು ಅಂದ್ರೆ ಯಾವತ್ತು?" ಅಂತ ಕೇಳಿದರು. "ಹದಿನೆಂಟು ಅಂದ್ರೆ ಇವತ್ತೇ ಸ್ವಾಮಿ," ಅಂದೆ. ಅಂದವಳ ಬಾಯಿ ತೆರೆದದ್ದು ತೆರೆದೇ ಇತ್ತು. ನಿನ್ನೆ ಅತ್ತಿಗೆಯ ಫೋನು ಬಂದಿರಲಿಲ್ಲ. ಕೂಡಲೇ ನಾನೇ ಮಾಡಿದೆ.

"ಅತ್ತಿಗೆ, ಕಂತು ಕಟ್ಟಿದ್ರಾ?"

"ಅಯ್ಯೋ ಕಳ್ಳಿ!" ಆ ಕಡೆಯಿಂದ ನಗು. "ನಿನ್ನ ಹದಿನಾಲ್ಕು ಸುಳ್ಳು ಅಂತ ಗೊತ್ತಾಯ್ತು ಕಣೇ. ಬ್ಯಾಂಕಿಂದ ಕಾಗದಾನೇ ಬಂತು ಅಂಗಡಿಗೆ. ಹದಿನೆಂಟು ಅಂತ ದಪ್ಪಕ್ಷರದಲ್ಲಿ ಹಾಕಿದಾರೆ."

"ಹೌದು, ಮತ್ತೆ ಕಟ್ಟಿದ್ರಾ?"

"ಅವರು ಹದಿನೆಂಟು ಅಂದ್ರೆ ಇಪ್ಪತ್ತೆರಡು ಅಂತ ತಾನೇ? ಅಷ್ಟು ದೊಡ್ಡ ಬ್ಯಾಂಕು, ನಾಲ್ಕು ದಿನ ಮಾರ್ಜಿನ್ ಇಟ್ಟಿರಲ್ವಾ? ಕಂತಿನ ದುಡ್ಡಲ್ಲಿ ಲೈನಿಂಗ್ ಬಟ್ಟೆ ತಗೊಂಡೆ. ಇಪ್ಪತ್ತೊಂದಕ್ಕೆ ಮದುವೆ ಮನೆಯವರು ದುಡ್ಡು ಕೊಡ್ತಾರೆ, ಕಟ್ಟಿ ಬರ್ತೀನಿ ಆಗ..."

ಉಳಿದದ್ದು ನಾನು ಕೇಳಲಿಲ್ಲ. ಬ್ಯಾಂಕಿನ ಕೌಂಟರು ಮುಚ್ಚುವುದು ನಾಲ್ಕು ಗಂಟೆಗೆ. ಫೋನಿನಿಂದ ಕಳಿಸಿದರೆ ಕಾರ್ಡಿಗೆ ಸೇರಲು ಎರಡು ದಿನ ಹಿಡಿಯಬಹುದೆಂದು ಪಟ್ಟಿಯಲ್ಲೇ ಬರೆದಿತ್ತು. ನಾನು ಒಳಗೆ ನುಗ್ಗಿ, "ಡಾಕ್ಟ್ರೇ, ನಮ್ಮ ಅತ್ತಿಗೆಗೆ ತುರ್ತು, ಹೋಗಲೇಬೇಕು!" ಅಂದೆ. ಡಾಕ್ಟರು ಯಾರದೋ ಬಾಯಲ್ಲಿ ಕೈಯಿಟ್ಟುಕೊಂಡೇ, "ಯಾವ ಹಲ್ಲು?" ಅಂದರು. "ಹಲ್ಲಲ್ಲ, ಸೊನ್ನೆ!" ಅಂದು ಕಾಲಿಗೆ ಬುದ್ಧಿ ಹೇಳಿದೆ.

ಅಂಗಡಿಯಲ್ಲಿ ಸಂಗೀತದ ಮೇಡಂ ಸ್ಟೂಲಿನ ಮೇಲೆ ನಿಂತಿದ್ದರು. ಅವರು ಶಾಲೆಯಲ್ಲಿ ಹಾಡು ಕಲಿಸುವವರು, ಆಳು ಎತ್ತರ, ದನಿ ಅದಕ್ಕಿಂತ ಎತ್ತರ. ಮೈಮೇಲೆ ನೀಲಿ ಗೌನು, ಅದಕ್ಕೆ ಒಂದೇ ತೋಳು, ಉಳಿದದ್ದೆಲ್ಲ ಗುಂಡುಪಿನ್ನು. ಅತ್ತಿಗೆ ಬಾಯಲ್ಲೂ ನಾಲ್ಕು ಪಿನ್ನು ಕಚ್ಚಿಕೊಂಡು ಅವರ ಕಾಲ ಬಳಿ ಕೂತಿದ್ದರು.

"ಹದಿನೆಂಟು ಅಂದ್ರೆ ಹದಿನೆಂಟೇ!" ಅಂತ ನಾನು ಕೂಗಿದೆ. "ಅವರು ದರ್ಜಿಗಳಲ್ಲ ಅತ್ತಿಗೆ, ಬ್ಯಾಂಕಿನವರು! ನಾಲ್ಕು ಗಂಟೆ ಆದ್ರೆ ಸೊನ್ನೆ ಹೋಯ್ತು! ಅಂಗಡಿ ಹೋಯ್ತು!"

ಅತ್ತಿಗೆ ಒಂದೊಂದೇ ಪಿನ್ನು ಬಾಯಿಂದ ತೆಗೆದರು. ಅವರ ಮುಖದ ಬಣ್ಣ ಇಳಿಯುವುದು ನನಗೆ ಕಾಣುತ್ತಿತ್ತು.

"ಹತ್ತು ಸಾವಿರದ ಮುನ್ನೂರು ಈಗ ಎಲ್ಲಿಂದ ತರ್ಲಿ ಪುಟ್ಟಿ?"

ಆಗ ಮೈಮೇಲೆ ದೇವರು ಬಂದ ಹಾಗೆ ನನಗೆ ಹೊಳೆಯಿತು. ಹತ್ತು ಸಾವಿರದ ಮುನ್ನೂರು ನಾವೇ ಭಾಗಿಸಿಕೊಂಡ ಲೆಕ್ಕ. ಬ್ಯಾಂಕು ಹದಿನೆಂಟರೊಳಗೆ ಕೇಳುವುದು ಕನಿಷ್ಠ ಕಂತು, ಮೂರು ಸಾವಿರದ ತೊಂಬತ್ತು ಮಾತ್ರ. ಅಷ್ಟು ಬಿದ್ದರೆ ಸೊನ್ನೆ ಉಳಿಯುತ್ತದೆ, ಮಿಕ್ಕದ್ದನ್ನು ಇಪ್ಪತ್ತೊಂದಕ್ಕೆ ತುಂಬಬಹುದು. ಅತ್ತಿಗೆ ದುಡ್ಡು ಹಾಕಿಡುವ ಗುಂಡಿಯ ಡಬ್ಬಿ ಬೋರಲು ಹಾಕಿದೆವು. ಗುಂಡಿಗಳ ನಡುವೆ ಸಾವಿರದ ಎಂಟುನೂರ ನಲವತ್ತು. ನನ್ನ ಪರ್ಸಿನಲ್ಲಿ ಆರುನೂರ ಐವತ್ತು. ಇನ್ನೂ ಆರುನೂರು ಬೇಕು.

"ನನ್ನ ಹೊಲಿಗೆ ದುಡ್ಡು ಕೊಡೋದಿದೆಯಲ್ಲಾ, ಈಗಲೇ ತಗೊಳ್ಳಿ!" ಸಂಗೀತದ ಮೇಡಂ ಸ್ಟೂಲಿನ ಮೇಲಿಂದಲೇ ಘೋಷಿಸಿದರು. "ಆದ್ರೆ ನನ್ನನ್ನ ಹೀಗೆ ಬಿಟ್ಟು ಹೋಗಬೇಡಿ. ಉಸಿರು ಬಿಟ್ರೆ ಚುಚ್ಚುತ್ತೆ!"

ನಲವತ್ತು ಪಿನ್ನು ಬಿಚ್ಚಲು ಹತ್ತು ನಿಮಿಷ ಬೇಕು. ಗಡಿಯಾರದಲ್ಲಿ ಮೂರು ಮೂವತ್ತೆಂಟು. ಅತ್ತಿಗೆ ಒಂದು ಕ್ಷಣ ಅವರನ್ನು ಮೇಲಿಂದ ಕೆಳಗೆ ನೋಡಿ, "ಬನ್ನಿ ಮೇಡಂ, ನೀವೂ ಬನ್ನಿ," ಅಂದರು.

ಬೀಗದ ಮಾಮನ ವ್ಯಾನಿನ ತಲೆಯ ಮೇಲೆ ತಗಡಿನ ಒಂದು ದೊಡ್ಡ ಕೀಲಿಕೈ ಇದೆ. ಆ ಕೀಲಿಕೈಯ ಕೆಳಗೆ ನಾವು ನಾಲ್ಕು ಜನ. ಮಾಮ ಗಾಡಿ ಓಡಿಸುತ್ತಿದ್ದರು, ನಾನು ದುಡ್ಡು ಎಣಿಸುತ್ತಿದ್ದೆ, ಮೇಡಂ ಹಿಂದೆ ಎರಡೂ ಕೈ ಚಾಚಿ ನಿಂತೇ ಇದ್ದರು, ಕೂರುವ ಹಾಗಿರಲಿಲ್ಲ. ಪ್ರತಿ ತಿರುವಿನಲ್ಲೂ "ಆ... ಆ... ಆ!" ಅಂತ ಅವರ ಗಂಟಲಿನಿಂದ ಹೊರಟ ಸ್ವರಕ್ಕೆ ಮುಂದಿನ ಗಾಡಿಗಳು ತಾವಾಗಿಯೇ ಪಕ್ಕಕ್ಕೆ ಸರಿದವು. ನಮಗೆ ಹಾರ್ನು ಒತ್ತುವ ಕೆಲಸವೇ ಬೀಳಲಿಲ್ಲ. ಅತ್ತಿಗೆ ಅಂಥ ಹೊತ್ತಿನಲ್ಲೂ ಸುಮ್ಮನೆ ಕೂರದೆ ಅವರ ಬೆನ್ನ ಹಿಂದೆ ಪಿನ್ನು ತೆಗೆದು ಟಾಕು ಹಾಕುತ್ತಿದ್ದರು. ವ್ಯಾನು ಕುಲುಕುತ್ತಿತ್ತು. ಹೊಲಿಗೆ ಮಾತ್ರ ನೇರವಾಗಿತ್ತು.

ಬ್ಯಾಂಕಿನ ಬಾಗಿಲಲ್ಲಿ ಲೋಹ ಹಿಡಿಯುವ ಚೌಕಟ್ಟು. ಮೇಡಂ ಒಳಗೆ ಕಾಲಿಟ್ಟದ್ದೇ ಅದು ಕೀಂಯ್ ಎಂದು ಕಿರುಚಿತು. ಕಾವಲುಗಾರ ಅಡ್ಡ ಬಂದ.

"ಮೈಮೇಲೆ ಏನಿದೆ ಮೇಡಂ?"

"ಗುಂಡುಪಿನ್ನು!"

"ಎಷ್ಟು?"

"ಇಪ್ಪತ್ತಾರು. ಹೊರಟಾಗ ನಲವತ್ತಿತ್ತು," ಅಂದರು ಅತ್ತಿಗೆ.

ಹಿಂದೆ ಬಂದ ಬೀಗದ ಮಾಮನ ಸೊಂಟದಲ್ಲಿ ಇನ್ನೂರು ಕೀಲಿಕೈ ಇದ್ದವು. ಯಂತ್ರ ಹುಚ್ಚೆದ್ದು ಹೋಯಿತು. ಕಾವಲುಗಾರ ಅವರಿಬ್ಬರನ್ನೂ ಹಿಡಿದು ನಿಲ್ಲಿಸಿಕೊಂಡ ಸಂದಿಯಲ್ಲಿ ನಾನೂ ಅತ್ತಿಗೆಯೂ ನುಸುಳಿದೆವು. ಮೂರು ಐವತ್ತಾರು. ಕೌಂಟರಿನಲ್ಲಿದ್ದವರು ನಡುವಯಸ್ಸಿನ ಗುಮಾಸ್ತರು, ಮುಚ್ಚಿದೆ ಅನ್ನುವ ಹಲಗೆಯನ್ನು ಕೈಯಲ್ಲಿ ಹಿಡಿದುಕೊಂಡಿದ್ದರು.

"ಟೈಮಾಯ್ತು," ಅಂದರು ಅವರು, ತಲೆಯೆತ್ತದೆ. "ನಾಳೆ ಬನ್ನಿ."

ಅತ್ತಿಗೆ ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಜೀವಮಾನವಿಡೀ ಸಾವಿರಾರು ಜನಕ್ಕೆ ಹೇಳಿದ ಮಾತನ್ನು ಅವರಿಗೆ ಯಾರಾದರೂ ಹೇಳಿದ್ದು ಬಹುಶಃ ಅದೇ ಮೊದಲು.

"ಸಾರ್," ಅಂದರು. "ನಾಳೆ ಬರೋಕೆ ಆಗಲ್ಲ ಸಾರ್. ನಿಮ್ಮ ಗಡಿಯಾರದಲ್ಲಿ ಇನ್ನೂ ನಾಲ್ಕು ನಿಮಿಷ ಇದೆ. ನಿಮ್ಮ ಶರ್ಟಿನ ಭುಜ ಒಂದಿಂಚು ಕೆಳಗೆ ಜಾರಿದೆ. ಅದನ್ನ ಬಿಟ್ಟಿಯಾಗಿ ಸರಿ ಮಾಡ್ಕೊಡ್ತೀನಿ, ಇದೊಂದು ಕಟ್ಟಿಸ್ಕೊಳ್ಳಿ."

ಗುಮಾಸ್ತರು ತಮ್ಮ ಭುಜ ನೋಡಿಕೊಂಡರು. ಆಮೇಲೆ ಗಡಿಯಾರ ನೋಡಿದರು, ಕೊನೆಗೆ ನಮ್ಮನ್ನು. ಹಲಗೆ ಕೆಳಗಿಟ್ಟು ಕೈ ಚಾಚಿದರು. ಚಿಲ್ಲರೆಯ ಜೊತೆ ಎರಡು ಕೋಟಿನ ಗುಂಡಿಗಳೂ ಹೋಗಿದ್ದವು, ಅವನ್ನು ವಾಪಸ್ಸು ಕೊಟ್ಟರು. ರಸೀತಿಯ ಮೇಲೆ ಠಸ್ಸೆ ಬಿತ್ತು: ತಾರೀಖು ಹದಿನೆಂಟು, ಮೂರು ಐವತ್ತೊಂಬತ್ತು. ನಾನು ಆ ಗಾಜಿಗೆ ಮುತ್ತು ಕೊಟ್ಟೆನೆಂದು ಅತ್ತಿಗೆ ಈಗಲೂ ಹೇಳುತ್ತಾರೆ, ನನಗೆ ನೆನಪಿಲ್ಲ.

"ನಿಜ ಹೇಳಿ ಸಾರ್," ಅತ್ತಿಗೆ ಬಗ್ಗಿ ಪಿಸುಗುಟ್ಟಿದರು, "ಒಳಗಡೆ ಒಂದೆರಡು ದಿನ ಇಟ್ಟಿರ್ತೀರಿ ತಾನೇ?"

"ಒಂದು ಗಂಟೆನೂ ಇಲ್ಲಮ್ಮ. ನಾಳೆ ಬಂದಿದ್ರೆ ಅಷ್ಟೂ ಬಾಕಿಗೆ ಬಡ್ಡಿ ಶುರುವಾಗ್ತಿತ್ತು. ಅದೆಲ್ಲಾ ಕಂಪ್ಯೂಟರು, ನಾನು ಕೈ ಮುಗಿದ್ರೂ ಕೇಳಲ್ಲ."

ಹೊರಗೆ ಮೆಟ್ಟಿಲ ಮೇಲೆ ಅತ್ತಿಗೆ ಕುಸಿದು ಕೂತರು. ನಾನೂ ಕೂತೆ. ಒಳಗಿನಿಂದ ಸಂಗೀತದ ಮೇಡಂ ಕಾವಲುಗಾರನಿಗೆ ಪಿನ್ನುಗಳನ್ನು ಒಂದೊಂದಾಗಿ ಎಣಿಸಿ ಕೊಡುವ ದನಿ ಕೇಳುತ್ತಿತ್ತು.

"ಹೆದರಿಕೆ ಆಯ್ತು ಕಣೇ," ಅಂದರು ಅತ್ತಿಗೆ. "ಆ ಕೋಣೆ ಕಣ್ಣಿಗೆ ಬಂತು. ಆ ಮನುಷ್ಯ 'ಮೂರೂ' ಅಂತ ಕೂಗಿದ ಹಾಗೇ ಆಯ್ತು."

ನನಗೆ ಅಳು ಬಂತು. "ನಂದೇ ತಪ್ಪು ಅತ್ತಿಗೆ. ಮೊದಲನೇ ದಿನಾನೇ ಹದಿನೆಂಟು ಅಂತ ನಿಜ ಹೇಳಿದ್ರೆ ಇಷ್ಟೆಲ್ಲಾ ಆಗ್ತಿರಲಿಲ್ಲ. ದೊಡ್ಡ ಬುದ್ಧಿವಂತೆ ಅಂದ್ಕೊಂಡೆ."

"ನಿಜ ಹೇಳಿದ್ರೆ ಮೊದಲನೇ ತಿಂಗಳೇ ಇಪ್ಪತ್ತೆರಡಕ್ಕೆ ಬರ್ತಿದ್ದೆ," ಅಂದರು ಅವರು.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮೊದಲು ಅವರ ಭುಜ ಅಲ್ಲಾಡಿತು. ಆಮೇಲೆ ಮೆಟ್ಟಿಲು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು, ನೋಡಲಿ. ನಮ್ಮ ನಡುವೆ ಇನ್ನು ತಾರೀಖಿನಲ್ಲಿ ಸುಳ್ಳಿಲ್ಲ ಅಂತ ಅಲ್ಲೇ ಮಾತು ಕೊಟ್ಟುಕೊಂಡೆವು. ಮಾರ್ಜಿನ್ ಬಿಡಲೇಬೇಕೆಂದಿದ್ದರೆ ನಮ್ಮ ಕಡೆ ಬಿಡೋಣ, ತಿಂಗಳ ಹತ್ತನೇ ತಾರೀಖಿಗೇ ಕಟ್ಟಿ ಮುಗಿಸೋಣ ಎಂದು ಅತ್ತಿಗೆಯೇ ಅಂದರು. ಆ ವಾರವೇ ಕನಿಷ್ಠ ಕಂತು ಖಾತೆಯಿಂದ ತಾನಾಗಿ ಹೋಗುವ ಹಾಗೆ ಮಾಡಿಸಿ, ಅದಕ್ಕೆಂದು ಒಂದಿಷ್ಟು ದುಡ್ಡನ್ನು ಅಲ್ಲಿ ಮುಟ್ಟದೆ ಇಟ್ಟರು. ಇಪ್ಪತ್ತೊಂದಕ್ಕೆ ಮದುವೆ ಮನೆಯವರ ದುಡ್ಡು ಬಂದು ಆ ತಿಂಗಳ ಉಳಿಕೆಯೂ ತುಂಬಿತು. ನೀಲಿ ಗೌನಿನಲ್ಲಿ ಸಂಗೀತದ ಮೇಡಂ ಹಾಡಿದ ಕಾರ್ಯಕ್ರಮಕ್ಕೆ ನಾವೆಲ್ಲ ಹೋಗಿದ್ದೆವು. ಚಪ್ಪಾಳೆ ನಿಲ್ಲಲೇ ಇಲ್ಲ. ಅಣ್ಣ ಮಾತ್ರ ನಿದ್ದೆ ಹೋಗಿದ್ದ.

ಹದಿನಾಲ್ಕನೇ ಕಂತು ಕಟ್ಟಲು ನಾನೂ ಅತ್ತಿಗೆಯೂ ಜೊತೆಗೇ ಹೋದೆವು. ಗುಮಾಸ್ತರು ಅವರೇ. ಅವರ ಶರ್ಟಿನ ಭುಜ ಈಗ ಸರಿಯಾಗಿ ಕೂತಿತ್ತು. ಕಂತು ಕಟ್ಟಿಸಿಕೊಂಡು, ಬಾಕಿಯ ಕಾಗದ ಮುದ್ರಿಸಿ ಕೊಟ್ಟರು. ಬಾಕಿ ಸೊನ್ನೆ.

"ಇನ್ನೇನೂ ಇಲ್ವಾ ಸಾರ್? ಮೂಲೇಲಿ ಎಲ್ಲಾದ್ರೂ?"

"ಏನೂ ಇಲ್ಲಮ್ಮ. ನಿಮಗೆ ಈಗ ಇನ್ನೊಂದು ಒಳ್ಳೆ ಆಫರ್ ಬಂದಿದೆ, ಮಿತಿ ಎರಡು ಲಕ್ಷ..."

"ಬೇಡ!" ಅಂದೆವು ಇಬ್ಬರೂ ಒಂದೇ ಉಸಿರಿಗೆ.

ಇವರು ಬೀದಿಯಲ್ಲೇ ಕುಣಿಯುತ್ತಾರೆ, ಹಿಡಿದುಕೊಳ್ಳಬೇಕಾಗುತ್ತದೆ ಅಂತ ನಾನು ತಯಾರಾಗಿ ಬಂದಿದ್ದೆ. ಅತ್ತಿಗೆ ಕುಣಿಯಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ನೇರ ಅಂಗಡಿಯ ದಾರಿ ಹಿಡಿದರು. ಅಂಗಡಿಗೆ ಬಂದು ಶಟರನ್ನು ಅರ್ಧ ಎತ್ತಿ ಒಳಗೆ ಬಗ್ಗಿ ಹೋಗುವಷ್ಟರಲ್ಲಿ ಫೋನು ಬಂತು. ಹೊಸ ಗಿರಾಕಿ ಇರಬೇಕು.

"ಹೌದು, ಹೊಲಿಗೆ ಅಂಗಡಿನೇ. ಕೀಲಿಕೈ ಮಾಡೋರ ಪಕ್ಕ. ಏನಂದ್ರಿ? ಯಾರದ್ದು ಅಂಗಡಿ ಅಂತಾನಾ?"

ಅತ್ತಿಗೆ ನಿಂತುಬಿಟ್ಟರು. ಎರಡು ಮಷಿನ್ನುಗಳನ್ನು ನೋಡಿದರು. ಇಸ್ತ್ರಿ ಮೇಜು, ದಾರದ ಉಂಡೆಗಳು, ಗೋಡೆಗೆ ನೇತುಹಾಕಿದ ಅರ್ಧ ಹೊಲಿದ ಕೋಟುಗಳು, ಎಲ್ಲವನ್ನೂ ಯಾರೋ ಈಗಷ್ಟೇ ತಂದಿಟ್ಟರೇನೋ ಎಂಬ ಹಾಗೆ ನೋಡಿದರು.

"ನಂದು," ಅಂದರು. ಮತ್ತೆ ಜೋರಾಗಿ, "ನನ್ನ ಅಂಗಡಿ. ಬನ್ನಿ, ಬನ್ನಿ."

ಮೂರು ವರ್ಷದಲ್ಲಿ ಅವರು ಅಂಗಡಿ ಅಂದಿದ್ದರೇ ಹೊರತು ನನ್ನ ಅಂಗಡಿ ಅಂತ ಒಮ್ಮೆಯೂ ಅಂದಿರಲಿಲ್ಲ. ನಾನು ಅದನ್ನು ಗಮನಿಸಿದ್ದು ಆಗಲೇ. ಆ ಕಡೆಯವರು ಏನೋ ಕೇಳುತ್ತಲೇ ಇದ್ದರು, ಈ ಕಡೆ ಅತ್ತಿಗೆ ಅಳುತ್ತಾ ನಗುತ್ತಾ ಅವರ ತೋಳಿನ ಅಳತೆ ಬರೆದುಕೊಳ್ಳುತ್ತಿದ್ದರು. ನಾನು ಹೋಗಿ ಶಟರನ್ನು ಪೂರ್ತಿ ಮೇಲಕ್ಕೆ ತಳ್ಳಿದೆ.